ಪುಟ್ಟಿಯ ಮೇಲಿನ ಬೂಷ್ಟು

ಉರಿಗಾಂನ ಚಿನ್ನದ ಗಣಿ ಬಂಗಲೆಯ ಬಚ್ಚಲುಮನೆಯಲ್ಲಿ ಪಿಂಗಾಣಿ ತೊಟ್ಟಿಯೂ ಗೋಡೆಯೂ ಕೂಡುವ ಸಂದಿಗೆ ನೀರು ಇಳಿಯದಂತೆ ಬಿಳಿ ಪುಟ್ಟಿ ಮೆತ್ತಿದ್ದರು. ಅದರ ಮೇಲೆ ಕಪ್ಪು ಬೂಷ್ಟು ಹಿಡಿಯುತ್ತಿತ್ತು. ಶವರಿನ ಕೆಳಗೆ ಮೊಳದುದ್ದದ ಜಾಗ, ಅಷ್ಟೇ. ಆ ಮೊಳದುದ್ದಕ್ಕೆ ಮನೆಗೆಲಸದ ಮುನಿರತ್ನಮ್ಮ ಮಾಡದ ಮದ್ದಿಲ್ಲ. ಹುಣಸೆಹಣ್ಣು ತಿಕ್ಕಿದಳು, ಬೂದಿ ತಿಕ್ಕಿದಳು, ವಾಷಿಂಗ್ ಸೋಡ ಕಲಸಿ ಬ್ರಷ್ಷಿನಿಂದ ಉಜ್ಜಿದಳು. ಸೋಮವಾರ ಬೆಳ್ಳಗಾದದ್ದು ಗುರುವಾರಕ್ಕೆ ಮತ್ತೆ ಕಪ್ಪು. ಇಂಥ ಹಠವನ್ನು ಅವಳು ತನ್ನ ಅತ್ತೆಯಲ್ಲೂ ಕಂಡಿರಲಿಲ್ಲ.

ಬಂಗಲೆಯ ಯಜಮಾನಿ ವೆಂಕಟರತ್ನಮ್ಮನವರು ಎಂಜಿನಿಯರರ ಹೆಂಡತಿ, ಮೈಸೂರಿನವರು. ಕೆಟ್ಟವರಲ್ಲ, ಆದರೆ ಕಣ್ಣಿಗೆ ಕಂಡದ್ದೇ ಸತ್ಯ ಎನ್ನುವ ಜಾತಿ. ಶುಕ್ರವಾರ ಬಾಗಿಲಲ್ಲಿ ನಿಂತು, "ನೀನು ಮೇಲೆ ಮೇಲೆ ಒರೆಸ್ತೀಯ ಮುನಿರತ್ನ. ನಾಳೆಯೊಳಗೆ ಇದು ಹೋಗದಿದ್ದರೆ ಸೋಮವಾರದಿಂದ ನಿನ್ನ ಬದಲು ಪಾಪಕ್ಕನಿಗೆ ಬರೋಕೆ ಹೇಳ್ತೀನಿ" ಎಂದರು.

ಸಂಜೆ ಬಂಗಾರಪೇಟೆಯ ಮನೆಗೆ ಹೋಗುವ ರೈಲಿನಲ್ಲಿ ಮುನಿರತ್ನಮ್ಮನಿಗೆ ಕೆಲಸ ಹೋಗುವ ಭಯಕ್ಕಿಂತ, ಮೈಗಳ್ಳಿ ಅನ್ನಿಸಿಕೊಂಡ ಸಿಟ್ಟೇ ಹೆಚ್ಚಾಗಿತ್ತು. ಆದರೆ ಸಿಟ್ಟಿನಿಂದ ಒಲೆ ಉರಿಯುವುದಿಲ್ಲ. ಗಂಡ ಕೋದಂಡಪ್ಪ ಗಣಿಯ ಒಳಗೆ ಹದಿನೇಳು ವರ್ಷ ದುಡಿದವನು. ಸಿಡಿಮದ್ದಿನ ಸದ್ದಿಗೆ ಎರಡು ಕಿವಿಯೂ ಹೋದ ಮೇಲೆ, ಕೂಗಿದರೆ ಕೇಳಿಸದವನು ಒಳಗಿರಬಾರದು ಎಂದು ಕೆಲಸದಿಂದ ತೆಗೆದಿದ್ದರು. ಮೂರು ವರ್ಷದಿಂದ ಹೊಸಿಲ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಯಾರು ಏನಂದರು ಎಂದು ಕೇಳುವುದನ್ನೂ ಬಿಟ್ಟಿದ್ದ. ಮನೆ ನಡೆಯುತ್ತಿದ್ದುದು ಇವಳ ಸಂಬಳದಿಂದಲೇ.

ಶನಿವಾರ ಬೆಳಿಗ್ಗೆ ಅವಳು ಅವನನ್ನೂ ಕರೆದುಕೊಂಡು ಹೊರಟಳು. ಅವನ ತೋಳಿನ ಬಲ ಬೇಕಿತ್ತು, ಬೇರೇನೂ ಅಲ್ಲ.

ಕೋದಂಡಪ್ಪ ತೊಟ್ಟಿಯೊಳಗೆ ಮಂಡಿಯೂರಿ ಉಜ್ಜಿದ. ಬೂಷ್ಟು ಹೋಯಿತು. ಅವನು ಮಾತ್ರ ಏಳಲಿಲ್ಲ. ಎಡಗೈಯನ್ನು ಗೋಡೆಯ ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ಅಗಲವಾಗಿ ಇಟ್ಟು, ಬ್ರಷ್ಷಿನ ಹಿಡಿಯಿಂದ ಮೆಲ್ಲಗೆ ತಟ್ಟಿದ. ಕೈ ಸರಿಸಿದ, ಮತ್ತೆ ತಟ್ಟಿದ.

"ಇಲ್ಲಿ ಬಿಟ್ಕೊಂಡೈತೆ. ಕೈಗೆ ನಡುಕ ಬತ್ತದೆ" ಎಂದ, ಕಿವುಡರ ದೊಡ್ಡ ದನಿಯಲ್ಲಿ. "ಬಿಲ್ಲೆ ಇಂದ್ಗಡೆ ನೀರೈತೆ. ನೀನು ಮುಂದೆ ಉಜ್ಜಿದ್ರೆ ಏನ್ ಬಂತು?"

ಗಣಿಯಲ್ಲಿ ಕೆಲಸ ಶುರುಮಾಡುವ ಮುಂಚೆ ತಲೆಯ ಮೇಲಿನ ಬಂಡೆಯನ್ನು ಹಾಗೆಯೇ ತಟ್ಟಿ ನೋಡುತ್ತಿದ್ದರು. ಗಟ್ಟಿ ಬಂಡೆ ಅಂಗೈಗೆ ಸುಮ್ಮನಿರುತ್ತದೆ, ಬಿಟ್ಟುಕೊಂಡದ್ದು ನಡುಗುತ್ತದೆ. ಆ ಕೆಲಸಕ್ಕೆ ಕಿವಿ ಇಲ್ಲದಿದ್ದರೂ ನಡೆಯುತ್ತದೆ.

ವೆಂಕಟರತ್ನಮ್ಮನವರು ಸದ್ದು ಕೇಳಿ ಬಂದರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈಗ ಗೋಡೆ ಡೊಂಕಾಯ್ತಾ?"

ಕೋದಂಡಪ್ಪ ಅದನ್ನು ಕೇಳದೆ ತಟ್ಟುತ್ತಲೇ ಇದ್ದ. ಮುನಿರತ್ನಮ್ಮ ಅವನ ಬೆನ್ನನ್ನೇ ನೋಡಿದಳು. ತಪ್ಪಾಯಿತು ಅಂದರೆ ಕೆಲಸ ಉಳಿಯಬಹುದು. ಬೂಷ್ಟೂ ಹೋಗಿದೆಯಲ್ಲ, ಗುರುವಾರದವರೆಗಾದರೂ.

"ಒಡೆಸಿ ನೋಡಿ ಅಮ್ಮಾವ್ರೆ" ಎಂದಳು. "ಒಳಗೆ ಒಣಗಿದ್ರೆ ಸೋಮವಾರ ನಾನೇ ಬರಾಕಿಲ್ಲ."

ಯಜಮಾನಿ ಹೇಳಿಕಳಿಸಿದ ಮೇಸ್ತ್ರಿ ಆದಿನಾರಾಯಣ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಕೋದಂಡಪ್ಪ ಅಂಗೈ ಇಟ್ಟಲ್ಲೇ ಉಳಿ ಇಟ್ಟ. ಎರಡು ಏಟಿಗೆ ನಾಲ್ಕು ಬಿಲ್ಲೆ ಒಟ್ಟಿಗೆ ಕಳಚಿ ಬಂದವು. ಹಿಂದಿನ ಗಾರೆ ಕಲಸಿದ ರಾಗಿಹಿಟ್ಟಿನ ಹಾಗೆ ಮೆತ್ತಗಾಗಿತ್ತು. ಶವರಿನ ಪೈಪು ಕೂಡುವ ಕಡೆ ನೀರು ಒಸರುತ್ತಿತ್ತು.

"ವರ್ಷದಿಂದ ಸೋರ್ತಾ ಐತಮ್ಮಾ" ಎಂದ ಆದಿನಾರಾಯಣ. "ಆ ಪುಟ್ಟಿ ಒಣಗೋದಾದ್ರೂ ಎಂಗೆ?"

ವೆಂಕಟರತ್ನಮ್ಮನವರು ಒದ್ದೆ ಗಾರೆಯನ್ನು ಬೆರಳಿನಿಂದ ಒತ್ತಿ ನೋಡಿದರು. ಕೊನೆಗೆ, "ಸೋಮವಾರ ಬಾ ಮುನಿರತ್ನ" ಎಂದರು.

ಕೋದಂಡಪ್ಪ ಹೆಂಡತಿಯ ಮುಖ ನೋಡಿದ. "ಏನಂದ್ರು?"

ಮುನಿರತ್ನಮ್ಮ ಅವನ ಎದುರಿಗೆ ಬಂದು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದಳು. "ಸೋಮವಾರ ಬಾ ಅಂದ್ರು."

"ನಾನೂವಾ?"

ಅವಳು ಯಜಮಾನಿಯ ಕಡೆ ತಿರುಗಲೇ ಇಲ್ಲ. "ಊಂ. ನೀನೂವೆ" ಎಂದಳು.

ವೆಂಕಟರತ್ನಮ್ಮನವರು ಅಲ್ಲೇ ನಿಂತಿದ್ದರು. ಅಲ್ಲ ಅನ್ನಲಿಲ್ಲ.