ಬಾಗಿಲ ಮುಂದೆ ನಿಲ್ಲುವ ಕೆಲಸ

ಹದಿನಾಲ್ಕು ವರ್ಷ ಜೈಲಿನಲ್ಲಿದ್ದು ಹೊರಬಂದ ಬಡಗಿಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಮುಚ್ಚಿದ ಬಾಗಿಲು ಕಂಡರೆ ಕೈಕಟ್ಟಿ ನಿಂತುಬಿಡುತ್ತಿದ್ದ. ಜೈಲಿನಲ್ಲಿ ಬಾಗಿಲು ತೆಗೆಯುವುದು ಕಾವಲಿನವರ ಕೆಲಸ. ಕೈದಿ ಮುಟ್ಟಿದರೆ ಬೆನ್ನಿಗೆ ಲಾಠಿ. ಹಿಂದೆ ಸಿಟ್ಟಿನಲ್ಲಿ ಅವನು ಹೊಡೆದ ಒಂದೇ ಏಟಿಗೆ ಕೆಲಸದ ಪಾಲುದಾರ ಸತ್ತಿದ್ದ. ಅದಕ್ಕೆ ಕೋರ್ಟು ಕೊಟ್ಟ ಶಿಕ್ಷೆಯನ್ನು ತಲೆಬಾಗಿ ಅನುಭವಿಸಿದ್ದ. ಬಾಗಿಲಿನ ಈ ಅಭ್ಯಾಸ ಮಾತ್ರ ತೀರ್ಪಿನಲ್ಲಿ ಇರಲಿಲ್ಲ, ಬಿಟ್ಟಿಯಾಗಿ ಬಂದದ್ದು.

ಅವನಿಗೆ ಉಳಿದವಳು ಮಗಳೊಬ್ಬಳೇ. ಅವಳ ಅತ್ತೆ ಮುಚ್ಚುಮರೆಯಿಲ್ಲದೆ ಹೇಳಿದ್ದರು: "ನಿಮ್ಮಪ್ಪ ಬರ್ಲಿ, ಬೇಡ ಅನ್ನಲ್ಲ. ಆದ್ರೆ ಬೇಗ ಒಂದು ಕೆಲ್ಸ ಹಿಡೀಬೇಕು. ಕೂತು ತಿನ್ನೋರಿಗೆ ಈ ಮನೇಲಿ ಜಾಗ ಇಲ್ಲ."

ಜೈಲಿನಿಂದ ಬಂದವರಿಗೆ ಬದುಕು ಕಟ್ಟಿಕೊಡುವ ಸಂಘವೊಂದು ಅವನನ್ನು ಗೋದಾಮಿನ ಕೆಲಸದ ಸಂದರ್ಶನಕ್ಕೆ ಕರೆಯಿತು. ಬಡಗಿ ಬೆಳಿಗ್ಗೆಯೇ ಹೋಗಿ ಕೋಣೆಯ ಬಾಗಿಲ ಮುಂದೆ ನಿಂತ. ಒಳಗೆ ಅಧ್ಯಕ್ಷರೂ ಕಾರ್ಯದರ್ಶಿಯೂ ಕಾದರು, ಹೊರಗೆ ಇವನು ಕಾದ. ಒಳಗಿನವರು ಬಿಸ್ಕತ್ತು ಕಡಿಯುತ್ತಾ, ಈ ಜನಕ್ಕೆ ಹೊತ್ತಿನ ಬೆಲೆಯೇ ಗೊತ್ತಿಲ್ಲವಲ್ಲ ಎಂದು ಮರುಗಿದರು. ಕೊನೆಗೆ ಊಟಕ್ಕೆ ಹೊರಟ ಅಧ್ಯಕ್ಷರು ಬಾಗಿಲೆಳೆದು ಸೀದಾ ಇವನ ಎದೆಗೆ ಡಿಕ್ಕಿ ಹೊಡೆದರು.

"ಇಲ್ಲೇ ಇದ್ರೆ ಒಳಗೆ ಬರೋದಲ್ವೇನ್ರೀ?"

"ಯಾರೂ ಬಾಗಿಲು ತೆಗೀಲಿಲ್ಲ ಸಾರ್."

ಅಧ್ಯಕ್ಷರ ಕಣ್ಣು ಒದ್ದೆಯಾಯಿತು, ಕಾರ್ಯದರ್ಶಿಯ ಕಣ್ಣು ಅರಳಿತು. ಸಂಘದ ದೊಡ್ಡ ಕಷ್ಟವೆಂದರೆ, ಜೈಲಿನಿಂದ ಬಂದವರು ನೋಡಲು ಎಲ್ಲರ ಹಾಗೇ ಇದ್ದುಬಿಡುತ್ತಿದ್ದರು. ಅವರನ್ನು ಸಭೆಯಲ್ಲಿ ನಿಲ್ಲಿಸಿದರೆ ದಾನಿಗಳು ಆಕಳಿಸುತ್ತಿದ್ದರು. ಇವನೋ, ಹುಡುಕಿದರೂ ಸಿಗದ ಸರಕು.

"ಗೋದಾಮು ಬಿಡಿ, ನಿಮಗೆ ಇಲ್ಲೇ ಕೆಲ್ಸ," ಎಂದರು ಕಾರ್ಯದರ್ಶಿ.

"ನಾನು ಬಡಗಿ ಸಾರ್. ಉಳಿ, ಗರಗಸ ಏನು ಕೊಟ್ರೂ…"

"ಅದೆಲ್ಲ ಆಮೇಲೆ. ಸದ್ಯಕ್ಕೆ ನಿಲ್ಲೋಕೆ ಬಂದ್ರೆ ಸಾಕು."

ಹೀಗೆ ಅವನಿಗೆ ನಿಲ್ಲುವ ಕೆಲಸ ಸಿಕ್ಕಿತು. ಪ್ರತಿ ಸಭೆಯಲ್ಲೂ ವೇದಿಕೆಯ ನಡುವೆ ಚೌಕಟ್ಟು ಸಮೇತ ಒಂದು ಬಾಗಿಲು ನಿಲ್ಲಿಸುವರು. ಬಡಗಿ ಅದರ ಮುಂದೆ ಕೈಕಟ್ಟಿ ನಿಲ್ಲುವನು. "ನೋಡಿ, ಬೀಗವಿಲ್ಲ, ಚಿಲಕವಿಲ್ಲ, ಆದರೂ ಈತ ತೆಗೆಯಲಾರ!" ಎಂದು ಅಧ್ಯಕ್ಷರು ಗದ್ಗದರಾಗುವರು. ದಾನಿಗಳು ಕರವಸ್ತ್ರ ತೆಗೆಯುವರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಆದರೆ ಇಲಿಗೆ ತಿಂಗಳ ಸಂಬಳ ಬರುತ್ತಿತ್ತು, ಮಗಳ ಅತ್ತೆ ಸುಮ್ಮನಿದ್ದರು.

ತಂಟೆ ಶುರುವಾದದ್ದು ಮನೆಯಲ್ಲಿ. ಒಂದು ದಿನ ಅಡುಗೆಮನೆಯ ಬಾಗಿಲು ಗಾಳಿಗೆ ಮುಚ್ಚಿಕೊಂಡಿತು. ಒಳಗಿದ್ದ ಮಗಳು ಕೂಗಿದಳು: "ಅಪ್ಪ, ಕೈಯೆಲ್ಲ ಹಿಟ್ಟಾಗಿದೆ, ಒಲೆ ಮೇಲಿಂದು ಉಕ್ತಿದೆ, ಬಂದು ಇಳ್ಸು!" ಬಡಗಿ ಬೆವೆತ. ಮತ್ತೆ ಕೂಗಿದಳು. ಅವನು ಕಣ್ಣು ಮುಚ್ಚಿ ತಳ್ಳಿದ. ಲಾಠಿ ಬೀಳಲಿಲ್ಲ. ಪಾತ್ರೆ ಇಳಿಸಿ ಅವನು ಮಗುವಿನಂತೆ ಅತ್ತ. ಅಂದಿನಿಂದ ಬೇಕೆಂದೇ ಮನೆಯ ಬಾಗಿಲುಗಳನ್ನೆಲ್ಲ ತೆಗೆಯುತ್ತಾ ಮುಚ್ಚುತ್ತಾ ತಿರುಗಿದ. ಸಂಘದಲ್ಲಿ ಮಾತ್ರ ಈ ಸುದ್ದಿ ಬಾಯಿಬಿಡಲಿಲ್ಲ. ವಾಸಿಯಾದ ರೋಗಿಗೆ ಅಲ್ಲೇನು ಕೆಲಸ?

ವಾರ್ಷಿಕ ಸಭೆಗೆ ಮಗಳೂ ಬಂದಳು. ಅಪ್ಪನದು ಆಫೀಸಿನ ಕೆಲಸವೆಂದೇ ಅವಳು ನಂಬಿದ್ದಳು. ಪರದೆ ಸರಿಯಿತು. ಬಡಗಿ ಕೈಕಟ್ಟಿ ನಿಂತಿದ್ದ. "ಈ ಜೀವ ಎಂದಾದರೂ ಈ ಬಾಗಿಲು ದಾಟೀತೇ?" ಎಂದು ಅಧ್ಯಕ್ಷರು ಕೇಳಿದಾಗ ಸಭೆ ಲೊಚಗುಟ್ಟಿತು. ಮೊದಲ ಸಾಲಿನಲ್ಲಿ ಮಗಳ ಮುಖ ಕೆಂಪಾಯಿತು. ಅವಳು ತಲೆ ತಗ್ಗಿಸಿದಳು. ಕೋರ್ಟಿನಲ್ಲಿ ತೀರ್ಪು ಓದಿದ ದಿನವೂ ಅವಳು ಹೀಗೇ ತಲೆ ತಗ್ಗಿಸಿದ್ದಳು. ಬಡಗಿ ಕಟ್ಟಿದ ಕೈ ಬಿಚ್ಚಿದ.

ಅವನು ಬಾಗಿಲು ತಳ್ಳಿದ. ಅಗ್ಗದ ಮರ, ಕೆಳಗೆ ಕಚ್ಚಿಕೊಂಡಿತು. ಹಿಡಿಯನ್ನು ಹಿಡಿದು ಕೊಂಚ ಮೇಲಕ್ಕೆತ್ತಿ ಮತ್ತೆ ತಳ್ಳಿದ. ತೆರೆಯಿತು. ದಾಟಿ ಆಚೆ ಹೋದ.

ದಾನಿಗಳ ಕರವಸ್ತ್ರ ಅರ್ಧಕ್ಕೇ ನಿಂತಿತು. ಅಧ್ಯಕ್ಷರೇನು ಸಾಮಾನ್ಯರೇ? ಒಂದು ಗುಟುಕು ನೀರು ಕುಡಿದು, "ನೋಡಿದಿರಾ! ಇದು ನಮ್ಮ ಸಂಘದ ತರಬೇತಿಯ ಫಲ!" ಎಂದರು. ಚಪ್ಪಾಳೆಗೆ ಚಾವಣಿ ಹಾರುವುದೊಂದು ಬಾಕಿ.

ಪರದೆಯ ಹಿಂದೆ ಕಾರ್ಯದರ್ಶಿ ಹಲ್ಲು ಕಡಿದರು. "ನಾಳೆಯಿಂದ ಬರ್ಬೇಡಿ." ಆಮೇಲೆ ದನಿ ತಗ್ಗಿಸಿ ಕೇಳಿದರು: "ನಿಮ್ಮ ಜೊತೆ ಇದ್ದವರಲ್ಲಿ ಬಾಗಿಲು ತೆಗೆಯೋಕಾಗದವರು ಇನ್ಯಾರಾದ್ರೂ ಇದ್ದಾರಾ?"

ದಾರಿಯುದ್ದಕ್ಕೂ ಮಗಳು ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಇಂದೇ ಗಂಟುಮೂಟೆ ಕಟ್ಟಬೇಕಾದೀತೆಂದು ಬಡಗಿ ಮನಸ್ಸಿನಲ್ಲೇ ಸಿದ್ಧನಾದ.

ಅತ್ತೆ ಪಡಸಾಲೆಯಲ್ಲೇ ಕೂತಿದ್ದರು. "ಸಭೆ ಹೇಗಾಯ್ತು ಬೀಗರೇ?"

"ಕೆಲ್ಸ ಹೋಯ್ತಮ್ಮ," ಎಂದ ಬಡಗಿ.

"ಹೋಗ್ಲಿಲ್ಲ, ನಾನೇ ಬಿಡಿಸ್ದೆ," ಎಂದಳು ಮಗಳು. ಅತ್ತೆಯೆದುರು ಎಂದೂ ಎತ್ತದ ದನಿ ಅದು. "ಅಪ್ಪನ್ನ ಗೊಂಬೆ ಥರ ನಿಲ್ಸಿ ದುಡ್ಡು ಎತ್ತೋ ಕೆಲ್ಸ ಅದು. ಅವನು ಕೂತೇ ತಿನ್ಲಿ ಅತ್ತೆ, ನನ್ನ ಪಾಲಿಂದು ತಿನ್ಲಿ."

ಅತ್ತೆ ಸೊಸೆಯ ಮುಖ ನೋಡಿದರು, ಬೀಗರ ಮುಖ ನೋಡಿದರು. ಷರತ್ತು ಅವರದೇ, ಅವರೇ ನುಂಗಿಕೊಳ್ಳಬೇಕಿತ್ತು.

"ಯಾರ ಪಾಲಿಂದೂ ಬೇಡ," ಎಂದು ಗೊಣಗಿದರು. "ನನ್ನ ಮಂಚದ ಕಾಲು ಎರಡು ವರ್ಷದಿಂದ ಅಲ್ಲಾಡ್ತಿದೆ. ಬೀಗರು ಬಡಗಿ ಅಂತೀಯ, ಒಂದ್ಸಲ ಆದ್ರೂ ಬಗ್ಗಿ ನೋಡಿದ್ರಾ?"