ಇಳಿಯುವ ಗೆರೆ

ತಮ್ಮನ ದೇಹವಿಟ್ಟಿದ್ದ ಐಸ್ ಬಾಕ್ಸಿನ ಗಾಜಿನ ಮುಚ್ಚಳ ಎತ್ತುತ್ತಲೇ ತಿರುಮಲೇಶ ಮತ್ತೆ ಶುರು ಮಾಡಿದ. ತಮ್ಮ ಸೇತುರಾಮ ಮೂವತ್ತು ವರ್ಷ ಕ್ಯಾನ್ಸರಿನ ಲೆಕ್ಕವನ್ನೇ ಹಾಕಿದ, ಕೊನೆಗೆ ಅದೇ ಅವನನ್ನು ತಿಂದಿತು, ಬ್ಯಾಂಕ್ ಪರೀಕ್ಷೆ ಬರಿ ಎಂದರೆ ಕೇಳಲಿಲ್ಲ ಎಂದು. ತಮ್ಮನೆಂದರೆ ಅವನಿಗೆ ಪ್ರಾಣ. ಆದರೆ ದುಃಖವಾದಾಗ ಬೈಯುವುದೊಂದೇ ಗೊತ್ತು. ಜೆ.ಪಿ. ನಗರದ ಆ ಪುಟ್ಟ ಹಾಲಿನ ತುಂಬ ಅವನ ದನಿಯೇ.

ಸೇತುರಾಮನ ಹೆಂಡತಿ ಅಲಮೇಲು ಗಂಡನ ಶಿಷ್ಯೆ ತನ್ಮಯಿಯನ್ನು ಅಡುಗೆಮನೆಗೆ ಕರೆದಳು.

“ಭಾವ ಹೇಳೋದು ನಿಜಾನಾ? ಇವರ ಲೆಕ್ಕ ತಪ್ಪಿತ್ತಾ? ಗಡ್ಡೆಯ ಗೆರೆ ಇಳೀತಿದೆ ನೋಡು ಅಂತ ದಿನಾ ಲ್ಯಾಪ್‌ಟಾಪಲ್ಲಿ ತೋರಿಸ್ತಿದ್ರು.”

ತನ್ಮಯಿ ಸಿಂಕಿನಲ್ಲಿದ್ದ ಲೋಟಗಳನ್ನು ತೊಳೆಯತೊಡಗಿದಳು.

*

ಜೀನ್‌ಗಳು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಒಂದು ಇನ್ನೊಂದನ್ನು ಎಬ್ಬಿಸುತ್ತದೆ, ಮತ್ತೊಂದನ್ನು ಸುಮ್ಮನಿರಿಸುತ್ತದೆ. ಆ ಜಾಲವನ್ನು ಸೇತುರಾಮ ಸಮೀಕರಣಗಳಲ್ಲಿ ಬರೆಯುತ್ತಿದ್ದ. ಔಷಧಿ ಒಂದು ಜೀನನ್ನು ತಡೆದರೆ ಗಡ್ಡೆ ಬೇರೆ ಯಾವ ದಾರಿ ಹಿಡಿಯುತ್ತದೆ ಎಂಬುದೇ ಅವನ ಪ್ರಶ್ನೆ. ಬೇಕಾದ ಉತ್ತರ ಬರಲೆಂದು ಯಾವ ವಿದ್ಯಾರ್ಥಿಯಾದರೂ ಒಂದು ಸಂಖ್ಯೆ ತಿದ್ದಿದರೆ ವಾರಗಟ್ಟಲೆ ಮಾತು ಬಿಡುತ್ತಿದ್ದ.

ತನ್ನದೇ ಗಡ್ಡೆಯ ಜೀನ್ ವರದಿ ಬಂದಾಗ ಅದನ್ನೂ ಲೆಕ್ಕಕ್ಕೆ ಹಾಕಿದ. ಪರದೆಯ ಮೇಲೆ ಗಡ್ಡೆಯ ಗಾತ್ರದ ಗೆರೆ ಸ್ವಲ್ಪ ಇಳಿದು, ಮುಂಬರುವ ಮಳೆಗಾಲದ ಹೊತ್ತಿಗೆ ನೆಟ್ಟಗೆ ಏರಿತು. ತನ್ಮಯಿಯ ಎದುರೇ ಅವನು ಒಂದು ಸಂಖ್ಯೆ ಬದಲಿಸಿದ. ಈಗ ಗೆರೆ ಇಳಿಯುತ್ತಲೇ ಹೋಯಿತು.

“ಸಾರ್, ಇದು...”

“ಇದು ಮನೆಗೆ,” ಎಂದ, ಅವಳ ಮುಖ ನೋಡದೆ. “ಅವಳು ನೆಟ್ಟಗೆ ನಿದ್ದೆ ಮಾಡಿ ತಿಂಗಳಾಯ್ತಮ್ಮ.”

*

ನಿಜ ಹೇಳಿದರೆ ಸಾರ್ ಹೆಂಡತಿಗೆ ಸುಳ್ಳು ಹೇಳಿದ್ದು ಬಯಲಾಗುತ್ತದೆ. ಹೇಳದೆ ಹೋದರೆ ಅವರ ದುಡಿಮೆಯೆಲ್ಲ ಈ ಮನೆಯಲ್ಲಿ ತಪ್ಪೆಂದೇ ಉಳಿದುಬಿಡುತ್ತದೆ. ತನ್ಮಯಿ ನಲ್ಲಿ ನಿಲ್ಲಿಸಿ ಅಲಮೇಲುವಿನ ಕಡೆ ತಿರುಗಿದಳು.

“ತಪ್ಪಿರ್ಲಿಲ್ಲ ಆಂಟಿ. ಮಳೆಗಾಲಕ್ಕೆ ಗಡ್ಡೆ ಮತ್ತೆ ಬೆಳೆಯತ್ತೆ ಅಂತ ಸರಿಯಾಗೇ ಬಂದಿತ್ತು, ಹಾಗೇ ಆಯ್ತು. ಯಾರಿಗೆ ಯಾವ ಔಷಧಿ ಅಂತ ನೋಡೋಕೆ ಈಗ ಡಾಕ್ಟರ್‌ಗಳೂ ಈ ಲೆಕ್ಕಾನ ಕೇಳ್ತಿದ್ದಾರೆ. ನಿಮಗೆ ತೋರಿಸಿದ್ದನ್ನ ಮಾತ್ರ ಸಾರ್ ತಿದ್ದಿದ್ರು.”

ಅಲಮೇಲುವಿಗೆ ಮೊದಲು ಬಂದದ್ದು ಕೋಪ. ಆ ಇಳಿಯುವ ಗೆರೆ ನೋಡಿದ ಮೇಲಿನ ತಿಂಗಳುಗಳಲ್ಲೆಲ್ಲ ಅವಳು ಹಾಯಾಗಿ ನಿದ್ದೆ ಮಾಡಿದ್ದಳು. ನಿಜ ತಿಳಿದಿದ್ದ ಗಂಡನೊಬ್ಬನೇ ಪಕ್ಕದಲ್ಲಿ ಎಚ್ಚರವಿದ್ದ. ಸೆರಗಿನಿಂದ ಮುಖ ಒರೆಸಿಕೊಂಡು ಹಾಲಿಗೆ ಬಂದಳು.

“ಭಾವ, ಇವರ ಲೆಕ್ಕ ಸರಿಯಾಗಿತ್ತು. ಇನ್ನು ಬೈಬೇಡಿ.”

ತಿರುಮಲೇಶ ಬಗ್ಗಿ ತಮ್ಮನ ಎದೆಯ ಮೇಲಿನ ಹಾರ ಸರಿಮಾಡಿದ.

ಬನಶಂಕರಿಯ ಚಿತಾಗಾರಕ್ಕೆ ಹೊತ್ತಾಯಿತು, ಬಾಯಿಗೆ ಅಕ್ಕಿಕಾಳು ಹಾಕುವವರು ಬನ್ನಿ ಎಂದು ಪುರೋಹಿತರು ಕರೆದರು. ಅಲಮೇಲು ಗಂಡನ ತಲೆಯ ಹತ್ತಿರ ಕೂತಳು. ಸುಳ್ಳು ಹೇಳಿದ ಮಗುವಿಗೆ ತಟ್ಟುವ ಹಾಗೆ ಎರಡು ಬೆರಳಿನಿಂದ ಅವನ ತುಟಿಯ ಮೇಲೆ ಮೆಲ್ಲಗೆ ತಟ್ಟಿ, ಆಮೇಲೆ ಅಕ್ಕಿ ಹಾಕಿದಳು.