ಒಂದು ತೊಟ್ಟು ಎಣ್ಣೆ

ನನ್ನ ಸೋದರಮಾವ ನಲವತ್ತು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿದವರು. ಅಂಗಡಿ ಮುಚ್ಚಿದ ಮೇಲೆ ಅಲ್ಲಿಂದ ಮನೆಗೆ ತಂದ ರಿಪೇರಿ ಮೇಜಿನ ಮೇಲೆ ರಿಮೋಟಿನಲ್ಲಿ ಓಡುವ ಮೊಳದುದ್ದದ ದೋಣಿಯೊಂದನ್ನು ಕಟ್ಟಿದರು. ಅದಕ್ಕೆಂದು ಹಿತ್ತಾಳೆಯನ್ನು ಕೊಯ್ದು, ಅರದಲ್ಲಿ ಉಜ್ಜಿ, ಕೈಯಾರೆ ನಾಲ್ಕು ಪ್ರೊಪೆಲ್ಲರ್ ಮಾಡಿಟ್ಟುಕೊಂಡರು. ಮೂರು ಈಗ ಪಾರ್ಕಿನ ಕೊಳದ ಕೆಸರಿನಲ್ಲಿವೆ.

ಮುಂದಕ್ಕೆ ಓಡುವಾಗ ತೊಂದರೆಯಿಲ್ಲ. ನೀರಿನ ಒತ್ತಡಕ್ಕೆ ಪ್ರೊಪೆಲ್ಲರ್ ಮೋಟಾರಿನ ಸರಳಿನ ತುದಿಯ ತಿರುಪಿಗೆ ತಾನೇ ಬಿಗಿಯಾಗುತ್ತದೆ. ಹಿಂದಕ್ಕೆ ಬಿಟ್ಟೊಡನೆ ತಿರುಪು ಬಿಚ್ಚಿಕೊಂಡು ಗುಳುಂ. ಅದನ್ನು ತಡೆಯಲು ಒಂದು ನಟ್ಟು, ನಟ್ಟು ಸಡಿಲಾಗದಂತೆ ನೀಲಿ ಅಂಟು, ಎಲ್ಲವೂ ಇತ್ತು. ಆದರೂ ಗುಳುಂ.

"ಏನ್ ಯಜಮಾನ್ರೇ, ಮೀನುಗಳಿಗೆಲ್ಲ ಹಿತ್ತಾಳೆ ಮೂಗುತಿ ಮಾಡಿಸ್ಕೊಡ್ತಿದೀರಂತೆ?" ಎಂದು ದಂಡೆಯಲ್ಲಿ ನಿಂತಿದ್ದ ನಮ್ಮ ಬೀದಿಯ ಕನ್ನಡಕದಂಗಡಿಯವರು ಕೇಳಿದರು. ಮಾವ ನಕ್ಕರು.

"ಇನ್ನೊಂದೇ ಉಳಿದಿರೋದು. ಕೈ ನಡುಗುತ್ತೆ, ಮತ್ತೆ ಮಾಡಕ್ಕಾಗಲ್ಲ. ಇದೂ ಹೋದ್ರೆ ದೋಣಿ ಅಟ್ಟಕ್ಕೆ," ಎಂದರು ಮನೆಗೆ ಬಂದು.

"ಅಂಗಡೀದು ತಂದ್ರಾಯ್ತಪ್ಪ," ಎಂದರು ಅತ್ತೆ.

"ಪ್ಲಾಸ್ಟಿಕ್ಕಾ? ಇದೇನು ಬಕೆಟ್ಟಲ್ಲಿ ತೇಲ್ಬಿಡೋ ಬಾತುಕೋಳಿಯೇನೇ?"

ನಾನು ಡಿಗ್ರಿ ಮುಗಿಸಿ ವರ್ಷವಾಯಿತು. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ, ಬರುವುದೆಲ್ಲ ಡೈರಿಗೆ. ಮಾವನ ಮೇಜಿನ ಪಕ್ಕ ಕೂತು ಅವರ ಕೈಕೆಲಸವನ್ನು ಬರೆದಿಡುವುದೆಂದರೆ ಇಷ್ಟ. ಆ ಸಂಜೆ ಹಳೆಯ ಪುಟಗಳನ್ನು ತಿರುವಿ ಹಾಕಿದೆ. ಮೂರು ಸಲವೂ ನಾನು ಬರೆದದ್ದು ಒಂದೇ: 'ಮಾವ ತಿರುಪಿಗೆ ಒಂದು ತೊಟ್ಟು ಎಣ್ಣೆ ಬಿಟ್ಟರು, ಆಮೇಲೆ ಅಂಟು.'

ಜಿಡ್ಡಿನ ಮೇಲೆ ಅಂಟು ಹೇಗೆ ಹಿಡಿದೀತು?

ಆದರೆ ಹೇಳುವುದು ಹೇಗೆ? ನಲವತ್ತು ವರ್ಷ ಪಳಗಿದ ಕೈಗೆ ನಾನು ಪಾಠ ಹೇಳುವುದೇ? ಮರುದಿನ ಬೆಳಿಗ್ಗೆ ಅವರು ಕೊನೆಯ ಪ್ರೊಪೆಲ್ಲರನ್ನು ಕೈಗೆತ್ತಿಕೊಂಡಾಗ "ಮಾವ" ಎಂದೆ. ಡೈರಿ ತೆರೆದು ಅವರ ಮುಂದೆ ಹಿಡಿದೆ.

ಅವರು ಜೋರಾಗಿ ಓದಿದರು. "'ಮಾವನ ಮೂಗಿನ ಮೇಲೆ ಗ್ರೀಸಿದೆ. ಯಾರೂ ಹೇಳುತ್ತಿಲ್ಲ.' ಓಹೋ! ಹೇಳ್ಬಾರ್ದೇನೇ ಮೌನಗೌರಿ? ಅದೇ ಮೂಗಿಟ್ಕೊಂಡು ಬ್ಯಾಂಕಿಗೆ ಹೋಗ್ಬಂದೆನಲ್ಲೇ!"

"ಅದಲ್ಲ ಮಾವ, ಕೆಳಗಿನ ಸಾಲು."

ಓದಿದರು. "ಎಣ್ಣೆನಾ? ಅಂಟು ಹಚ್ಚೋ ಜಾಗಕ್ಕೆ ಯಾವ ಪೆದ್ದ ಎಣ್ಣೆ ಬಿಡ್ತಾನೆ? ನಾನಂತೂ ಬಿಟ್ಟಿಲ್ಲ."

ಹಾಗೆನ್ನುತ್ತಿರುವಾಗಲೇ ಅವರ ಬಲಗೈ ಎಣ್ಣೆಡಬ್ಬಿಯನ್ನು ಎತ್ತಿ, ಅದರ ಮೂತಿಯನ್ನು ತಿರುಪಿನ ಮೇಲೆ ಬಗ್ಗಿಸಿತ್ತು. ಟಕ್. ಒಂದು ತೊಟ್ಟು.

ಇಬ್ಬರೂ ಆ ತೊಟ್ಟನ್ನೇ ನೋಡಿದೆವು. ಬಾಗಿಲಲ್ಲಿದ್ದ ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದರು.

"ಈ ಕೈ ನಂದಲ್ಲ ಕಣೇ," ಎಂದರು ಮಾವ ಕೊನೆಗೆ. "ಹೊಲಿಗೆ ಮಿಷನ್ ಅಂಗಡೀದು."

ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ, ಕಪ್ಪು ಬರುವುದು ನಿಲ್ಲುವವರೆಗೆ ತಿರುಪನ್ನೂ ನಟ್ಟನ್ನೂ ಒರೆಸಿದೆವು. ಎಣ್ಣೆಡಬ್ಬಿ ಅತ್ತೆಯ ವಶಕ್ಕೆ ಹೋಯಿತು. ಅಂಟು ಹಚ್ಚಿ, ಪ್ರೊಪೆಲ್ಲರ್ ಕೂರಿಸಿ, ನಟ್ಟನ್ನು ಅದಕ್ಕೆ ಒತ್ತಿ ಬಿಗಿದು, ಇಡೀ ಒಂದು ದಿನ ಒಣಗಲು ಬಿಟ್ಟೆವು. ಮಾವ ಮೂರು ಸಲ ಮುಟ್ಟಲು ಹೋಗಿ ಬೈಸಿಕೊಂಡರು.

ಭಾನುವಾರ ಕೊಳದ ನಡುವೆ ದೋಣಿ ನಿಲ್ಲಿಸಿ, ಮಾವ ರಿಮೋಟಿನ ಕಡ್ಡಿಯನ್ನು ಹಿಂದಕ್ಕೆಳೆದರು. ದೋಣಿ ಹಿಂದಕ್ಕೆ ಬಂತು. ಮತ್ತೆ ಮುಂದೆ, ಮತ್ತೆ ಹಿಂದೆ. ಹನ್ನೊಂದು ಸಲ ಎಣಿಸಿದೆ. ಹನ್ನೆರಡನೆಯದಕ್ಕೆ ನಿಂತೇಹೋಯಿತು.

"ಹೋಯ್ತಾ?" ಎಂದು ಕನ್ನಡಕದಂಗಡಿಯವರು ಓಡಿ ಬಂದರು. ಮಾವ ಕಡ್ಡಿಯನ್ನು ಮತ್ತೆ ಮತ್ತೆ ಎಳೆದರು.

"ಇಲ್ಲ," ಎಂದೆ ನಾನು. "ಪ್ರೊಪೆಲ್ಲರ್ ಬಿದ್ದಿದ್ರೆ ಮೋಟಾರು ಇನ್ನೂ ಜೋರಾಗಿ ಕಿರುಚೋದು. ಸದ್ದೇ ಇಲ್ಲ ನೋಡಿ, ಬ್ಯಾಟರಿ ಮುಗಿದಿದೆ."

"ಸರಿ, ಈಗ ಹೆಂಗ್ ತರ್ತೀರಾ?"

"ಗಾಳಿ ಇದೆಯಲ್ಲ, ತರುತ್ತೆ," ಎಂದು ಮಾವ ಬೆಂಚಿನ ಮೇಲೆ ಕೂತು ಕಾಲು ಚಾಚಿದರು.

ಮುಕ್ಕಾಲು ಗಂಟೆ ಹಿಡಿಯಿತು. ದಡಕ್ಕೆ ಬಂದ ದೋಣಿಯನ್ನು ಬೋರಲು ಹಾಕಿ, ಹೆಬ್ಬೆರಳಿನಿಂದ ಪ್ರೊಪೆಲ್ಲರನ್ನು ಅಲುಗಿಸಿ ನೋಡಿದರು. ಅಲುಗಲಿಲ್ಲ.

"ನೀನೂ ಒಂದ್ಸಲ ನೋಡು," ಎಂದು ನನ್ನ ಕಡೆ ಹಿಡಿದರು.